ನಮ್ಮಕ್ಕ ಗುರುತಿಸಿದ ಮರೆವು

ಕಳಸಾಪುರದ ನಮ್ಮಕ್ಕ ಸುಮಿತ್ರವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಗದಗಿನ ಡಾಕ್ಟರಿಗಿಂತ ಮೊದಲೇ ಗಂಡನ ಕಾಯಿಲೆಯನ್ನು ಗುರುತಿಸಿದವಳು ಅವಳೇ. ತಂಗಿಯಾದ್ದರಿಂದ ಹೊಗಳುತ್ತಿದ್ದಾಳೆ ಅಂದುಕೊಂಡರೆ ಅಂದುಕೊಳ್ಳಿ, ನನಗೇನೂ ಬೇಸರವಿಲ್ಲ.

ಹೋದ ವರ್ಷ ಒಂದು ಸೋಮವಾರ ಅಕ್ಕನ ಗಂಡ ಉಳವಪ್ಪ ಎತ್ತು ಹೂಡಿಕೊಂಡು ಹೊಲಕ್ಕೆ ಹೊರಟ. ಸೋಮವಾರ ಬಸವಣ್ಣನ ವಾರ, ನಮ್ಮ ಕಡೆ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅಕ್ಕ ತಡೆದು ಇವತ್ತು ಯಾವ ವಾರವೆಂದು ಕೇಳಿದಳು. ಸೋಮವಾರವೆಂದು ಅವನೇ ಹೇಳಿದ. ಹೇಳಿಯೂ ನೊಗ ಬಿಚ್ಚಲಿಲ್ಲ. ಇದು ಬರೀ ಮರೆವಲ್ಲ, ಕಾಯಿಲೆ, ಡಾಕ್ಟರಿಗೆ ತೋರಿಸಬೇಕೆಂದು ಅಕ್ಕ ಮನೆಯವರ ಮುಂದೆ ಹೇಳಿದಳು.

ಮಗ ಮುತ್ತಣ್ಣ ನಕ್ಕುಬಿಟ್ಟ. ಎಪ್ಪತ್ತು ದಾಟಿದ ಮೇಲೆ ಅರಳುಮರಳು ಇದ್ದದ್ದೇ ಅಂತೆ, ದೊಡ್ಡ ಪಂಡಿತ! ಉಳವಪ್ಪನಂತೂ ಕೆಂಡವಾದ. ಹೆಂಡತಿ ತನ್ನನ್ನು ಹುಚ್ಚನೆಂದು ಊರ ತುಂಬ ಸಾರುತ್ತಾಳೆಂದು ಅವಳೊಡನೆ ಮಾತು ಬಿಟ್ಟ. ನಾನಾಗಿದ್ದರೆ ಗಂಟು ಕಟ್ಟಿಕೊಂಡು ತವರಿಗೆ ಬರುತ್ತಿದ್ದೆ. ಅವಳು ತನಗೇ ಮೊಣಕಾಲು ನೋವೆಂದು ಸುಳ್ಳು ಹೇಳಿ ಅಪ್ಪ ಮಗ ಇಬ್ಬರನ್ನೂ ಗದಗಿನ ಆಸ್ಪತ್ರೆಗೆ ಎಳೆದೊಯ್ದಳು.

ಅಲ್ಲಿ ಗಂಡನನ್ನೇ ಮುಂದೆ ಕೂರಿಸಿ ಅವನ ಮರೆವಿನ ಮಾತೆತ್ತಿದಳು. ಡಾಕ್ಟರು ಅವನಿಗೆ ವಾರ, ತಿಂಗಳು, ಊರು ಕೇಳಿದರು. ಉಳವಪ್ಪ ಎಲ್ಲವನ್ನೂ ಸರಿಯಾಗಿ ಹೇಳಿದ. ವಯಸ್ಸಿನ ಮರೆವೆಂದು ಅವರು ಚೀಟಿ ಬರೆಯುವಾಗ ಅಕ್ಕ ಅಡ್ಡ ಬಂದಳು.

“ಸೋಮವಾರ ಅಂತ ಬಾಯಿಲೆ ಹೇಳತಾರ್ರಿ, ಕೈಲೆ ಎತ್ತು ಹೂಡತಾರ್ರಿ. ಐವತ್ತು ವರ್ಷದಾಗ ಹಿಂಗ ಆಗಿಲ್ರಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಥೈರಾಯ್ಡ್, ವಿಟಮಿನ್ ಎಲ್ಲ ನೋಡಿಸಿ, ಕೊನೆಗೆ ಹೊಸದೊಂದು ರಕ್ತಪರೀಕ್ಷೆ ಬರೆದರು. ಅಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನೊಳಗೆ ಕೆಡುವ ಪ್ರೋಟೀನಿನ ಸುಳಿವು ಈಗ ರಕ್ತದಲ್ಲೇ ಸಿಗುತ್ತದಂತೆ. ಮೊದಲಾದರೆ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆಯಬೇಕಿತ್ತಂತೆ. ರಕ್ತ ತಂಪು ಪೆಟ್ಟಿಗೆಯಲ್ಲಿ ಬೆಂಗಳೂರಿಗೆ ಹೋಯಿತು.

ಅದರ ಉತ್ತರ ಬರುವವರೆಗೆ ಅಕ್ಕ ದೇವರಲ್ಲಿ ಬೇಡಿಕೊಂಡದ್ದು ಒಂದೇ, ತಾನು ಹೇಳಿದ್ದು ಸುಳ್ಳಾಗಲಿ ಎಂದು. ಸುಳ್ಳಾದರೆ ಗಂಡ ಇನ್ನೆಂದೂ ಮಾತಾಡಿಸಲಿಕ್ಕಿಲ್ಲ, ಆದರೂ ಆಗಲಿ ಎಂದಳು. ಆ ಮಾತು ಕೇಳಿ ನಾನು ಅತ್ತುಬಿಟ್ಟೆ.

ಸುಳ್ಳಾಗಲಿಲ್ಲ. ಕಾಯಿಲೆ ಅದೇ, ಆದರೆ ಇನ್ನೂ ಆರಂಭದಲ್ಲಿದೆ, ಇಷ್ಟು ಬೇಗ ಕರೆತರುವವರು ಕಡಿಮೆ ಎಂದ ಡಾಕ್ಟರು, ಔಷಧ ಕೊಡುವ ಕ್ರಮವನ್ನು ಮುತ್ತಣ್ಣನಿಗೆ ತಿಳಿಸತೊಡಗಿದರು. ಉಳವಪ್ಪ ಕೈ ಅಡ್ಡ ಹಿಡಿದು ತಡೆದ.

“ಅವಗ ಬ್ಯಾಡ್ರಿ, ಈಕಿಗಿ ಹೇಳ್ರಿ,” ಎಂದ. “ಇನ್ನ ಮ್ಯಾಲ ನನ್ನ ನೆನಪು ಈಕಿ ಕಡೆನ ಇರೂದು.”