ಅಟ್ಟಕ್ಕೆ ಹತ್ತಿಸಿದ ಡ್ರೈಯರ್ ಪೈಪು

ದೆವ್ವದ ಕಥೆ ಹೇಳುವವರನ್ನು ಕಂಡರೆ ಮೊದಲು ನಗುತ್ತಿದ್ದವಳೇ ನಾನು. ಆದರೆ ಇದು ನೊಣವಿನಕೆರೆ ಹತ್ತಿರದ ನಮ್ಮದೇ ಮನೆಯಲ್ಲಿ, ನಾನೇ ಕಿವಿಯಾರೆ ಕೇಳಿದ್ದು. ಸುಳ್ಳು ಹೇಳಿ ಗಂಡನ ಮನೆಯ ಮಾನ ಕಳೆಯುವ ಚಟ ನನಗಿಲ್ಲ. ನಿಜ ಹೇಳಿದ್ದಕ್ಕೆ ಹೋಗುವ ಮಾನ ಹೋಗಲಿ ಬಿಡಿ.

ಗಂಗಕ್ಕ ನಮ್ಮ ಯಜಮಾನರ ಅಕ್ಕ. ಮದುವೆಯಾದ ವರ್ಷವೇ ಗಂಡ ತೀರಿಕೊಂಡು ತವರಿಗೆ ಬಂದವರು. ಅಟ್ಟದ ತೆಂಗಿನಕಾಯಿ ವಿಂಗಡಿಸುವವರೂ ಅವರೇ, ಮನೆಮಂದಿಯ ಬಟ್ಟೆ ಒಗೆಯುವವರೂ ಅವರೇ. ಕೈಯೆಲ್ಲ ಬಿರುಕು. ರಾತ್ರಿ ಹರಳೆಣ್ಣೆ ಹಚ್ಚಿಕೊಂಡು ಮಲಗುತ್ತಿದ್ದರು. ಒಂದು ಮೆಷಿನ್ ತನ್ನಿ ಎಂದು ನಾನು ಬಡಿದುಕೊಂಡರೆ, "ಅಕ್ಕ ಇದಾಳಲ್ಲ, ಮಿಷಿನ್ ಯಾಕೆ?" ಎನ್ನುತ್ತಿದ್ದರು ನಮ್ಮವರು. ಒಂದು ಬೇಸಿಗೆಯಲ್ಲಿ ಗಂಗಕ್ಕ ಹೋಗಿಬಿಟ್ಟರು. ತಿಥಿ ಮುಗಿದ ವಾರಕ್ಕೇ ಒಗೆಯುವ ಮೆಷಿನ್ನೂ ಬಂತು, ಒಣಗಿಸುವ ಡ್ರೈಯರೂ ಬಂತು!

ಡ್ರೈಯರಿನ ಬಿಸಿಗಾಳಿ ಹೊರಹೋಗಲು ಗೋಡೆ ಕೊರೆದು ಪೈಪು ಹಾಕಬೇಕು. ನಮ್ಮವರ ಬುದ್ಧಿಯೇ ಬೇರೆ. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ತುಂಬಿ, ತಿಂಗಳುಗಟ್ಟಲೆ ಒಣಗಿಸಿ ಕೊಬ್ಬರಿ ಮಾಡುತ್ತೇವೆ. "ಬಿಸಿಗಾಳಿ ಸುಮ್ಕೆ ಯಾಕೆ ದಂಡ ಮಾಡೋದು? ಕಾಯಿ ಬೇಗ ಒಣಗ್ತವೆ ಬುಡು" ಎಂದು ಪೈಪನ್ನು ಅಟ್ಟಕ್ಕೇ ಹತ್ತಿಸಿದರು. ಒದ್ದೆ ಬಟ್ಟೆಯ ಹಬೆಯೂ ಜೊತೆಗೇ ಮೇಲೇರುತ್ತದೆ ಎಂದರೆ ಕೇಳಬೇಕಲ್ಲ! ಮಳೆಗಾಲ ಮುಗಿಯುವಷ್ಟರಲ್ಲಿ ಅಟ್ಟದಿಂದ ಬೂಷ್ಟಿನ ವಾಸನೆ... ವರ್ಷದ ಬೆಳೆಯೆಲ್ಲ ಮೇಲಿತ್ತು.

ನಮ್ಮವರು ತಿಪಟೂರಿಗೆ ಹೋದ ದಿನ ನಾನೇ ಕಿಬ್ಬನಹಳ್ಳಿಯ ಮೆಕ್ಯಾನಿಕ್ ಸಿದ್ದೇಶನನ್ನು ಕರೆಸಿದೆ. ಗೋಡೆಗೆ ತೂತು ಕೊರೆಯುವಷ್ಟರಲ್ಲಿ ಕತ್ತಲಾಗಿತ್ತು. ಹಳೆಯ ಪೈಪು ಬಿಚ್ಚಲು ಅವನು ಅಟ್ಟ ಹತ್ತಿದ. ಆಗಲೇ ಕರೆಂಟು ಹೋಯಿತು.

ಕೆಳಗೆ ನಾನು ಪೈಪಿನ ತುದಿ ಹಿಡಿದು ನಿಂತಿದ್ದೆ.

ಲೊಡ... ಲೊಡ...

ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಹಾಗೇ ಸದ್ದು ಮಾಡುತ್ತದೆ. ಪೈಪಿನೊಳಗಿಂದ ಆ ಸದ್ದು ಬರುತ್ತಿತ್ತು. ಒಂದು ಕಾಯಿ ಅಲ್ಲಾಡಿಸುವುದು, ಇಡುವುದು. ಆಮೇಲೆ ಇನ್ನೊಂದು...

"ಕಾಯಿ ಯಾಕಪ್ಪ ಮುಟ್ತೀಯ? ಪೈಪು ಬಿಚ್ಚು" ಎಂದೆ.

"ನಾನೆಲ್ಲಿ ಮುಟ್ಟಿದೆ ಅಕ್ಕ? ಇಲ್ಲಿ ಕೂತಿರೋ ಅಮ್ಮ... ವಸಿ ಅತ್ಲಾಗೆ ಸರೀರಿ ಅಂದ್ರೂ ಸರೀತಿಲ್ಲ. ಪೈಪಿನ ಮೇಲೇ ಕೂತವ್ರೆ."

ಪೈಪಿಗೆ ಬಾಯಿ ಹಚ್ಚಿ ಕೇಳಿದೆ. "ಯಾವ ಅಮ್ಮನೋ?"

ಪೈಪಿನಿಂದ ಸೋಪಿನ ವಾಸನೆ, ಅದರ ಹಿಂದೆಯೇ ಹರಳೆಣ್ಣೆಯ ವಾಸನೆ...

ಸಿದ್ದೇಶ ಏಣಿ ಇಳಿದನೋ, ಬಿದ್ದನೋ. "ಮೊಬೈಲ್ ಬೆಳಕು ಬುಟ್ಟೆ ಅಕ್ಕ... ಕೈ ಮಾತ್ರ ಕಾಣ್ತು. ಬರೀ ಬಿರುಕು" ಎಂದ. ಹೊಸ ಪೈಪನ್ನು ಗೋಡೆಯ ತೂತಿಗೆ ಸಿಕ್ಕಿಸಿ, ಹಳೆಯದನ್ನು ಅಟ್ಟದಲ್ಲೇ ಬಿಟ್ಟು ಹೊರಟೇ ಹೋದ.

ಕರೆಂಟು ಬಂದ ಮೇಲೆ ನಮ್ಮವರೂ ಬಂದರು. ಪೈಪು ಕಂಡು ನನ್ನನ್ನು ಬೈಯುತ್ತಲೇ ಅಟ್ಟ ಹತ್ತಿದವರು ಇಳಿದಾಗ ಮುಖದಲ್ಲಿ ನಗು. ಅರ್ಧ ರಾಶಿ ವಿಂಗಡಣೆಯಾಗಿತ್ತಂತೆ. ಬೂಷ್ಟು ಹಿಡಿದದ್ದು ಒಂದು ಕಡೆ, ಚೆನ್ನಾಗಿರುವುದು ಇನ್ನೊಂದು ಕಡೆ. "ಒಳ್ಳೇ ಕಾಯೆಲ್ಲ ಬಚಾವಾದ್ವು. ಯಾರ್ ಮಾಡಿದ್ದು?"

ನಡೆದದ್ದೆಲ್ಲ ಹೇಳಿದೆ. ಹೆದರುತ್ತಾರೆ, ಅಕ್ಕನನ್ನು ನೆನೆದು ಅಳುತ್ತಾರೆ ಎಂದುಕೊಂಡಿದ್ದೆ. ಸುಮ್ಮನೆ ಊಟ ಮಾಡಿ ಮಲಗಿದರು.

ದೀಪ ಆರಿಸಿದ ಮೇಲೆ ಮತ್ತೆ ಲೊಡ... ಲೊಡ...

ಹೆದರಿಕೆಯನ್ನೂ ಮರೆತು ಏಣಿಯ ಬುಡದಲ್ಲಿ ನಿಂತು ಕೂಗಿದೆ. "ಸಾಕು ಬುಡಿ ಗಂಗಕ್ಕ! ಬದುಕಿದ್ದಾಗ ಮಾಡಿದ್ದು ಸಾಲ್ದಾ? ಯಾರಿಗೋಸ್ಕರ ದುಡೀತೀರಿ? ನಿಮ್ ಪಾಡಿಗೆ ನೀವು ಹೋಗಿ."

ಸದ್ದು ನಿಂತಿತು. ಮೇಲೆ ಯಾರೋ ಉಸಿರು ಬಿಟ್ಟ ಹಾಗಾಯಿತು.

ಆಗ ನಮ್ಮವರು ಹಾಸಿಗೆಯಿಂದ ಏಳದೆಯೇ ಅಟ್ಟದ ಕಡೆ ಮುಖ ಮಾಡಿ, "ಇನ್ನೂ ಅರ್ಧ ರಾಶಿ ಅದೆ ಕಣಕ್ಕ" ಎಂದರು.

ಆಮೇಲೆ... ಲೊಡ... ಲೊಡ... ಬೆಳಗಿನವರೆಗೂ ನಾನು ಕೂತೇ ಇದ್ದೆ. ನಮ್ಮವರು ಗೊರಕೆ ಹೊಡೆಯುತ್ತಿದ್ದರು.

ಅದೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಈ ವರ್ಷವೂ ಅಟ್ಟಕ್ಕೆ ಕಾಯಿ ತುಂಬಿಸಿದ್ದಾರೆ. ವಿಂಗಡಿಸಲು ಆಳು ಕರೆಯಬೇಡ ಎಂದು ಈಗಲೇ ಹೇಳಿದ್ದಾರೆ.