ಪರಸಪ್ಪನ ಮಾಳಿಗೆಯ ಜರ್ಮನ್ ವಿಮಾನ

ದೊಡವಾಡದಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿಕೊಂಡಿರುವ ಮನೆ ಮಿಲ್ಟ್ರಿ ಪರಸಪ್ಪನದು. ಸೈನ್ಯದಲ್ಲಿ ಇದ್ದಷ್ಟು ಕಾಲವೂ ಅವನು ಜವಾನರಿಗೆ ಬೇಳೆ ಕುದಿಸಿದ. ಊರಿಗೆ ಬಂದ ಮೇಲೆ ಗಡಿ ಕಾಯ್ದವನಾದ. ಮನೆಯಲ್ಲಿ ಒಂದು ದಿನವೂ ಒಲೆ ಹಚ್ಚಲಿಲ್ಲ. ಹಚ್ಚಿದರೆ ಗುಟ್ಟು ಹೊರಬಿದ್ದೀತೆಂದೋ ಏನೋ.

ಪಿಂಚಣಿ ಅವನ ಬೂಟು ಪಾಲಿಶಿಗೂ ಚಹಾದಂಗಡಿಗೂ ಸರಿಹೋಗುತ್ತಿತ್ತು. ಮನೆ ನಡೆಯುತ್ತಿದ್ದುದು ಹೆಂಡತಿ ಸುಂದರವ್ವನ ಶಾವಿಗೆಯಿಂದ. ಬೇಸಿಗೆ ಬಂತೆಂದರೆ ಬೈಲಹೊಂಗಲದ ಮದುವೆಮನೆಯವರೂ ಅವಳ ಶಾವಿಗೆಯನ್ನೇ ಕೇಳುತ್ತಾರೆ. ಅದನ್ನು ಕೋಲಿನ ಮೇಲೆ ಇಳಿಬಿಟ್ಟು ಒಣಗಿಸಲು ಅವಳಿಗಿರುವ ಜಾಗ ಮನೆಯ ಮೇಲಿನ ಆ ಒಂದು ಬಯಲು ಮಾಳಿಗೆ.

ಕಳೆದ ಬೇಸಿಗೆಯಲ್ಲಿ ಪರಸಪ್ಪನ ಕಣ್ಣು ಆ ಮಾಳಿಗೆಯ ಮೇಲೆಯೇ ಬಿತ್ತು. ಮೊಬೈಲಿನಲ್ಲಿ ಅವನು ಒಂದು ಹಳೆಯ ಚಿತ್ರ ನೋಡಿದ್ದ. ವೈರಿಯ ದಂಡು ಎಲ್ಲಿದೆಯೆಂದು ಮೇಲಿನಿಂದ ನೋಡಿಕೊಂಡು ಬರಲು ಜರ್ಮನರು ಬಹಳ ಹಿಂದೆ ಮಾಡಿದ್ದ ವಿಮಾನ. ಒಂದರ ಮೇಲೊಂದು ರೆಕ್ಕೆ, ಹಿಂದೆ ಮುಂದೆ ಎರಡು ಕುರ್ಚಿ, ಬಂದೂಕಿಲ್ಲ. ಪರೀಕ್ಷೆಗೆಂದು ಒಂದೇ ಒಂದು ಮಾಡಿದರಂತೆ, ಸೈನ್ಯ ಬೇಡವೆಂದಿತಂತೆ. ಪರಸಪ್ಪನಿಗೆ ಕರುಳು ಚುರ್ರೆಂದಿತು. ವೆಲ್ಡಿಂಗ್ ಕಲ್ಮೇಶನನ್ನು ಹಿಡಿದು, ಪೈಪು, ತಾಡಪತ್ರಿ, ಹಳೆಯ ಮೋಟಾರ್ ಸೈಕಲ್ಲಿನ ಗಾಲಿಗಳಿಂದ ಅಂಥದೇ ಒಂದನ್ನು ಮಾಳಿಗೆಯ ಮೇಲೆ ಕಟ್ಟಿಸಿದ.

“ರೀ, ನನ್ನ ಶಾವಿಗಿ ಎಲ್ಲಿ ಹಾಕ್ಲಿ?” ಎಂದಳು ಸುಂದರವ್ವ.

“ಶಾವಿಗಿ ನೋಡಾಕ ಯಾರರ ಬರ್ತಾರನ? ಇದನ್ನ ನೋಡಾಕ ಕಿತ್ತೂರಿಂದ ಬರ್ತಾರ.”

ವಿಮಾನದ ಪೂಜೆಯ ದಿನ ಓಣಿಯೆಲ್ಲ ಮಾಳಿಗೆಯ ಮೇಲಿತ್ತು. ಪರಸಪ್ಪ ಸಮವಸ್ತ್ರ ತೊಟ್ಟು ಹಿಂದಿನ ಕುರ್ಚಿಯಲ್ಲಿ ಕೂತ. “ನೋಡಾವ ಮುಂದ, ನಡಸಾವ ಹಿಂದ. ಜರ್ಮನ್ ಪದ್ಧತಿ.”

“ನಮ್ಮನಿಯಾಗ ಎರಡೂ ನಾನ ಮಾಡತೇನಿ,” ಎಂದಳು ಸುಂದರವ್ವ, ಆರತಿ ತಟ್ಟೆ ಹಿಡಿದು.

ಹೊಸ ಗಾಡಿ ಬಂದರೆ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸದೆ ನಮ್ಮವರು ಬಿಡುವುದಿಲ್ಲ. ಇದಕ್ಕೂ ಇಟ್ಟರು. ಹಾಯಿಸಲು ಎಂಜಿನ್ನಿಲ್ಲ.

“ದೂಡ್ರಿ!” ಎಂದು ಪರಸಪ್ಪ ಅಪ್ಪಣೆ ಕೊಟ್ಟ.

ಗಂಡಸರೆಲ್ಲ ಜೋರಾಗಿ ದೂಡಿದರು. ನಿಂಬೆಹಣ್ಣು ಅಪ್ಪಚ್ಚಿಯಾಯಿತು. ವಿಮಾನ ನಿಲ್ಲಲಿಲ್ಲ, ಬ್ರೇಕಿನ ಮಾತನ್ನು ಯಾರೂ ಎತ್ತಿರಲೇ ಇಲ್ಲ. ಅಂಚಿನ ಗಿಡ್ಡ ಗೋಡೆಗೆ ಗಾಲಿ ಬಡಿದು, ಮೂತಿ ಓಣಿಗೆ ವಾಲಿ, ಬಾಲ ಮೇಲೆದ್ದಿತು. ಎಲ್ಲರೂ ಬಾಲಕ್ಕೆ ಜೋತುಬಿದ್ದರು. ಪರಸಪ್ಪನಿಗೆ ನೇರ ಕೆಳಗೆ ಎದುರುಮನೆ ದೇವಕ್ಕನ ತಿಪ್ಪೆ ಕಾಣುತ್ತಿತ್ತು.

“ಮಾವಾ, ವೈರಿ ದಂಡು ಕಾಣಾಕತ್ತೈತೇನ್ರಿ?” ಎಂದ ಕಲ್ಮೇಶ.

“ನಗಬ್ಯಾಡಲೇ, ಎಳಿ!”

ಎಳೆಯಹೊರಟವರನ್ನು ಸುಂದರವ್ವ ತಡೆದಳು. “ಹಂಗ ಹಿಡಕೊಂಡ ಇರ್ರಿ.” ಗಂಡನ ಕಡೆ ತಿರುಗಿದಳು. “ಮಳಿ ಹತ್ತೂತನಕ ಈ ಮಾಳಗಿ ಯಾರದು?”

“ಮೊದಲ ನನ್ನ ಇಳಸ, ಆಮ್ಯಾಲ ಮಾತಾಡೂಣು.”

“ಇಳದ ಮ್ಯಾಲ ನೀವು ಮಿಲ್ಟ್ರಿ ಆಗತೀರಿ. ಈಗ ಹೇಳ್ರಿ.”

“ಮಾವಾ, ಲಗೂ ಹೇಳ್ರಿ, ಕೈ ಸೋಲಾಕತ್ತಾವ!”

“ನಿಂದು! ಮಾಳಗಿ ನಿಂದ!”

“ಈ ವಿಮಾನ?”

“ಅದೂ ನಿಂದ, ಮಾರಾಯ್ತಿ!”

ಅವಳು ಕೈ ಮಾಡಿದ ಮೇಲೆಯೇ ಬಾಲ ಕೆಳಗಿಳಿಯಿತು. ಮರುದಿನವೇ ಸುಂದರವ್ವ ಎರಡು ರೆಕ್ಕೆಗಳ ನಡುವೆ ಕೋಲು ಕಟ್ಟಿ ಶಾವಿಗೆ ಇಳಿಬಿಟ್ಟಳು. ಮೇಲಿನ ರೆಕ್ಕೆಯ ನೆರಳು, ಮಾಳಿಗೆಯ ಗಾಳಿ. ಒಂದು ಎಳೆಯೂ ಮುರಿಯಲಿಲ್ಲ. ಪರಸಪ್ಪನಿಗೂ ಹುದ್ದೆ ಸಿಕ್ಕಿತು. ಮುಂದಿನ ಕುರ್ಚಿ, ಕೈಯಲ್ಲಿ ಬಡಿಗೆ, ಕಾಗೆ ಯಾವ ದಿಕ್ಕಿನಿಂದ ಬರುತ್ತದೆಂದು ನೋಡುವುದು.

ಕಿತ್ತೂರಿನಿಂದ ನಿಜಕ್ಕೂ ಜನ ಬಂದರು. “ಏನ್ ಕಾಯಾಕತ್ತೀರಿ, ಸಾಹೇಬ್ರ?” ಎಂದು ಓಣಿಯಿಂದ ಕೇಳಿದರು.

“ಗಡಿ,” ಎಂದ ಪರಸಪ್ಪ, ಅವರತ್ತ ತಿರುಗದೆ.

ಶಾವಿಗೆಯ ಮರೆಯಿಂದ ಸುಂದರವ್ವನ ದನಿ ಬಂತು: “ಕಾಗಿ ಬಂತ್ ನೋಡ್ರಿ, ಗಡಿ ದಾಟಿ!”