ಟೈಪಿಂಗ್ ಟೀಚರ ಬಟನ್ ಏಣಿ

ಗುಜರಿಯವನು ಹನ್ನೊಂದಕ್ಕೆ ಬರುತ್ತೇನೆ ಎಂದಿದ್ದ. ಟೈಪಿಂಗ್ ಟೀಚರು ಒಂಬತ್ತಕ್ಕೇ ಬಂದು ಹನ್ನೆರಡು ಟೈಪಿಂಗ್ ಮಿಷನ್ನುಗಳ ಧೂಳು ಒರೆಸುತ್ತ ಕೂತಿದ್ದರು. ತೂಕಕ್ಕೆ ಹೋಗುವ ಕಬ್ಬಿಣಕ್ಕೆ ಇಷ್ಟು ಉಪಚಾರ ಯಾಕೆ ಎಂದು ಅವರನ್ನು ಕೇಳುವ ಧೈರ್ಯ ಯಾರಿಗಿದೆ? ಮೂವತ್ತೆಂಟು ವರ್ಷ ಆ ಮಹಡಿ ಕೋಣೆಯಲ್ಲಿ ನಡೆದದ್ದು ಅವರದೇ ಮಾತು.

ಗೋಡೆಯ ಮೇಲೆ ರಟ್ಟಿನ ಏಣಿ ಇನ್ನೂ ಇತ್ತು. ಇಪ್ಪತ್ತು ಮೆಟ್ಟಿಲು, ಮೆಟ್ಟಿಲಿಗೊಂದು ಸಾಲು ಮೊಳೆ, ಮೊಳೆಗಳಿಗೆ ದಾರ ಕಟ್ಟಿ ನೇತುಹಾಕಿದ ಬಣ್ಣದ ಬಟನ್ನುಗಳು. ಒಂದೇ ಪಾಠವನ್ನು ಐವತ್ತು ಸಲ ಹೊಡೆದು ಹುಡುಗಿಯರು ಆಕಳಿಸುವುದನ್ನು ನೋಡಲಾರದೆ ಟೀಚರು ಮಾಡಿದ ಉಪಾಯ ಅದು. ತಲೆಗೊಂದು ಬಟನ್ನು. ವೇಗ ಹೆಚ್ಚಿದರೆ ಅದು ಒಂದು ಮೆಟ್ಟಿಲು ಮೇಲೆ, ತಪ್ಪಾದರೆ ಕೆಳಗೆ, ತುದಿ ಮುಟ್ಟಿದವಳಿಗೆ ವಾರವಿಡೀ ಕಿಟಕಿ ಪಕ್ಕದ ಸೀಟು. ಆಕಳಿಕೆ ಆವತ್ತೇ ಊರು ಬಿಟ್ಟಿತು.

ಇಪ್ಪತ್ತೈದು ವರ್ಷದ ಹಿಂದೆ, ಹದಿನೆಂಟರ ಹುಡುಗಿಯರ ನಡುವೆ ಮೂವತ್ತಾರರ ಹೆಂಗಸೊಬ್ಬರು ಬಂದು ಸೇರಿದರು. ಹುಡುಗಿಯರು ಅವರನ್ನು ದೊಡ್ಡಕ್ಕ ಎಂದರು, ಹೆಚ್ಚುಕಮ್ಮಿ ಅದೇ ವಯಸ್ಸಿನ ಟೀಚರೂ ಹಾಗೇ ಕರೆದರು. ಗಂಡ ತೀರಿಕೊಂಡಿದ್ದ. ಅವನ ಗುಮಾಸ್ತೆ ಕುರ್ಚಿಯನ್ನು ಆಫೀಸಿನವರು ಆರು ತಿಂಗಳು ಕಾಯ್ದಿಡುತ್ತೇವೆ, ಅಷ್ಟರಲ್ಲಿ ಟೈಪಿಂಗ್ ಪರೀಕ್ಷೆ ಪಾಸಾಗಿ ಬನ್ನಿ ಎಂದಿದ್ದರು. ಮನೆಯಲ್ಲಿ ಎರಡು ಮಕ್ಕಳು. ಫೇಲಾದರೆ ಕುರ್ಚಿ ಬೇರೆಯವರ ಪಾಲು.

ಮೊದಲ ತಿಂಗಳು ದೊಡ್ಡಕ್ಕನ ಹಸಿರು ಬಟನ್ನು ತಳ ಬಿಟ್ಟು ಅಲುಗಲಿಲ್ಲ. ಆಮೇಲೆ ಏನಾಯಿತೋ, ಏರಿದ್ದೇ ಏರಿದ್ದು. ನಾಲ್ಕನೇ ತಿಂಗಳಿಗೆ ತುದಿ. ಹುಡುಗಿಯರು ಚಪ್ಪಾಳೆ ತಟ್ಟಿದರು, ಟೀಚರು ತಮ್ಮ ಏಣಿಯನ್ನೇ ಮೆಚ್ಚಿಕೊಂಡು ಬೀಗಿದರು.

ಪರೀಕ್ಷೆಗೆ ಏಳು ವಾರ ಇರುವಾಗ ಟೀಚರು ಅಭ್ಯಾಸಕ್ಕೆಂದು ಹೊಸ ಪಾಠ ಕೊಟ್ಟರು. ದೊಡ್ಡಕ್ಕನ ಮಿಷನ್ನು ಎಲ್ಲರಿಗಿಂತ ಮೊದಲು ನಿಂತಿತು. ಟೀಚರು ಹಾಳೆ ಎಳೆದು ಓದಿದರು. 'ಮಾನ್ಯರೇ, ತಮ್ಮ ಪತ್ರ ತಲುಪಿತು. ಸರಕು ಕಳಿಸಲು ತಡವಾದುದಕ್ಕೆ ವಿಷಾದಿಸುತ್ತೇವೆ...' ದಿನಾ ಹೊಡೆಯುತ್ತಿದ್ದ ಹಳೇ ಪತ್ರವೇ ಆದಿಯಿಂದ ಅಂತ್ಯದವರೆಗೆ! ಹೊಸ ಪಾಠದ ಒಂದು ಸಾಲೂ ಇಲ್ಲ.

"ಏನಿದು ದೊಡ್ಡಕ್ಕ?"

"ಹೊಸದನ್ನೇ ನೋಡ್ತಿದ್ದೆ ಟೀಚರ್, ದೇವರಾಣೆ. ಬೆರಳು ತಾನಾಗೇ ಅಲ್ಲಿಗೆ ಹೋಗ್ಬಿಡ್ತು. ಮನೇಲಿ ಹಿಟ್ಟು ಕಲಸ್ತಾನೂ ಅದನ್ನೇ ಹೊಡೀತಿದ್ದೆ. ಏಣಿ ಹತ್ಬೇಕಿತ್ತಲ್ಲ?"

ಹುಡುಗಿಯರು ಕಿಸಕ್ಕೆಂದರು. ಟೀಚರು ಒಂದು ಸಲ ಕಣ್ಣು ಕೆಕ್ಕರಿಸಿದರು, ಎಲ್ಲರೂ ತಮ್ಮ ತಮ್ಮ ಮಿಷನ್ನಿಗೆ ಬಗ್ಗಿದರು. ಬೈಯಬೇಕಾದದ್ದು ಯಾರನ್ನು ಎಂಬುದು ಅವರಿಗೆ ಗೊತ್ತಿತ್ತು. ಏಣಿ ಹತ್ತುವುದನ್ನು ಕಲಿಸಿದ್ದರು, ಟೈಪಿಂಗ್ ಕಲಿಸಿರಲಿಲ್ಲ.

ಮರುದಿನ ಎಲ್ಲ ಬಟನ್ನುಗಳೂ ಕೆಳಗಿಳಿದವು. ಇನ್ನು ತಲೆಗೆ ಒಂದೇ ಬಣ್ಣದ ಎರಡೆರಡು, ಒಂದು ನಿನ್ನೆಯದು, ಒಂದು ಇವತ್ತಿನದು. "ಪಕ್ಕದವಳು ಎಲ್ಲಿದ್ದಾಳೆ ಅಂತ ಕತ್ತು ಉದ್ದ ಮಾಡಿದ್ರೆ ನೋಡಿ! ನಿನ್ನೆ ನೀವೆಲ್ಲಿದ್ರಿ, ಅದನ್ನ ನೋಡ್ಕೊಳ್ಳಿ," ಎಂದರು ಟೀಚರು. ಹಳೇ ಪತ್ರಕ್ಕೆ ಬೀಗ ಬಿತ್ತು. ಬಿಸ್ಕತ್ತಿನ ಡಬ್ಬಿಯೊಂದಕ್ಕೆ ಎಲ್ಲರೂ ಪತ್ರಿಕೆಯ ತುಂಡುಗಳನ್ನು ತಂದು ಹಾಕುವುದು, ಕಣ್ಣು ಮುಚ್ಚಿ ಎತ್ತಿದ್ದೇ ಆ ದಿನದ ಪಾಠ. ಒಬ್ಬಳು ಕಿಲಾಡಿ ತನಗೆ ಬಂದ ಪ್ರೇಮಪತ್ರವನ್ನೇ ಹಾಕಿಬಿಟ್ಟಿದ್ದಳು. ಅವತ್ತು ಇಡೀ ಕ್ಲಾಸು ಸರದಿಯ ಮೇಲೆ ಅದನ್ನೇ ಹೊಡೆಯಿತು, ಅದೂ ಒಂದೇ ಒಂದು ತಪ್ಪಿಲ್ಲದೆ. ಎಂಥ ದಿನಗಳು ಅವು!

ದೊಡ್ಡಕ್ಕ ಮತ್ತೆ ತಳದಿಂದ ಶುರು ಮಾಡಿದರು. ದಿನಕ್ಕೊಂದು ಮೆಟ್ಟಿಲು ಕೂಡ ಇಲ್ಲ. ಪರೀಕ್ಷೆಯ ಹೊತ್ತಿಗೆ ಹಸಿರು ಬಟನ್ನು ಇನ್ನೂ ಹನ್ನೊಂದರಲ್ಲಿತ್ತು. ಆದರೂ ಕೂದಲೆಳೆಯಲ್ಲಿ ಪಾಸು! ದೊಡ್ಡಕ್ಕ ಕೈ ಹಿಡಿದು ಅತ್ತಾಗ ಟೀಚರು ಇವತ್ತಿನ ಬಟನ್ನು ಬಿಚ್ಚಿ ಕೊಟ್ಟರು. "ಇದು ನಿಮ್ಮದು. ನಿನ್ನೇದು ಇಲ್ಲೇ ಇರ್ಲಿ." ಪಾಸಾದವರಿಗೆಲ್ಲ ಅದೇ ಪದ್ಧತಿಯಾಯಿತು.

ಈಗ ಮಹಡಿಯ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಬಿಳಿ ತಲೆಯ ದೊಡ್ಡಕ್ಕ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದರು. ಹೋದ ವರ್ಷವಷ್ಟೇ ಅದೇ ಕುರ್ಚಿಯಿಂದ ನಿವೃತ್ತಿಯಾಗಿದ್ದರು.

"ಮುಚ್ತಿದೀರಂತೆ?"

"ಕೂತ್ಕೊಳ್ಳಿ. ಏನಾದ್ರೂ ಹೊಡೀರಿ, ಕೊನೇ ಸಲ," ಎಂದು ಟೀಚರು ಹಾಳೆ ಏರಿಸಿದರು.

"ಅಯ್ಯೋ, ಎಲ್ಲ ಮರ್ತೇ ಹೋಗಿದೆ ಟೀಚರ್."

ದೊಡ್ಡಕ್ಕ ಕಣ್ಣು ಮುಚ್ಚಿದರು. ಮಿಷನ್ನು ಪಟಪಟನೆ ಸದ್ದು ಮಾಡಿತು, ಸಾಲಿನ ಕೊನೆಗೆ ಗಂಟೆ ಟಣ್ಣೆಂದಿತು. ಟೀಚರು ಕನ್ನಡಕ ಏರಿಸಿ ಓದಿದರು. 'ಮಾನ್ಯರೇ, ತಮ್ಮ ಪತ್ರ ತಲುಪಿತು...' ಒಂದಕ್ಷರ ತಪ್ಪಿಲ್ಲ. ಇಬ್ಬರೂ ನಕ್ಕರು, ನಗುತ್ತಲೇ ಇಬ್ಬರ ಕಣ್ಣೂ ತುಂಬಿದವು. ದೊಡ್ಡಕ್ಕ ಪರ್ಸಿನಿಂದ ಹಸಿರು ಬಟನ್ನು ತೆಗೆದು, ನಿನ್ನೆಯ ಬಟನ್ನಿನ ಪಕ್ಕದಲ್ಲಿ ನೇತುಹಾಕಿದರು.

ಗುಜರಿಯವನು ಬಂದು ಒಂದೊಂದೇ ಮಿಷನ್ನು ಹೊತ್ತ. ಕೊನೆಗೆ ಗೋಡೆಯ ರಟ್ಟಿಗೆ ಕೈ ಹಾಕಿದ. "ಇದೂ ಹೋಗತ್ತಾ ಅಮ್ಮಾ?"

"ಮುಟ್ಬೇಡಪ್ಪಾ," ಎಂದರು ಟೀಚರು. "ಅದ್ರ ಮೇಲೆ ನಮ್ಮ ಹುಡುಗೀರಿದ್ದಾರೆ."